ಯಾವ ಗುಡಾಣದ ನೀಲಿ?

ಜಪಾನಿನ ನೀಲಿ ಎಂದೊಡನೆ ಎಲ್ಲರೂ ಹೊಕುಸಾಯ್‌ನ ಅಲೆಯನ್ನು ತೋರಿಸುತ್ತಾರೆ. ಆ ಅಲೆಗೆ ಹೊಳಪು ಕೊಟ್ಟದ್ದು ಮುಖ್ಯವಾಗಿ ಬರ್ಲಿನ್‌ನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ. ಗಿಡದ ನೀಲಿ ಹೆಚ್ಚಾಗಿ ಕಂಡದ್ದು ರೈತರ, ಕೂಲಿಗಳ ಮೈಮೇಲೆ.

ತೊಕುಶಿಮಾದಲ್ಲಿ ಅದರ ಒಣಗಿದ ಎಲೆಗೆ ನೀರು ಚಿಮುಕಿಸಿ, ಮತ್ತೆ ಮತ್ತೆ ಮಗುಚಿ, ಸುಮಾರು 100 ದಿನ ಕೊಳೆಸಿ 'ಸುಕುಮೊ' ಮಾಡುತ್ತಾರೆ. ಅದನ್ನು ಬೂದಿನೀರಿನಲ್ಲಿ ಹುದುಗಿಸಿ ಬಟ್ಟೆ ಅದ್ದಿದರೆ ಹಸಿರಾಗಿ ಮೇಲೇಳುತ್ತದೆ. ಗಾಳಿ ತಾಗಿದ ಮೇಲೆಯೇ ನೀಲಿ. ಈ ಗಳಿಗೆಯನ್ನು ವರ್ಣಿಸದ ಪ್ರಬಂಧವಿಲ್ಲ (ನಾನೂ ಬಿಡಲಿಲ್ಲ). ಮಗುಚುವವರ ಬೆನ್ನುನೋವು ಮಾತ್ರ ಅಲ್ಲಿ ಸಿಗುವುದು ಅಪರೂಪ.

ಮೇಜಿ ಕಾಲದಲ್ಲಿ ಆ ಕಸುಬಿಗೆ ಪೈಪೋಟಿ ಒಡ್ಡಿದ್ದು ಭಾರತದ ಅಗ್ಗದ ನೀಲಿ. ನೆಲಕಚ್ಚಿಸಿದ್ದು ಕಾರ್ಖಾನೆಯ ನೀಲಿ. ಆ ಅಗ್ಗಕ್ಕೆ ಬೆಲೆ ತೆತ್ತವರು ಬಿಹಾರದ ರೈತರು. ಚಂಪಾರಣ್ ನಮಗೆ ಗೊತ್ತು. ತೊಕುಶಿಮಾದ ಪಕ್ಕದಲ್ಲಿಟ್ಟು ಅದನ್ನು ಓದಿದ ಕನ್ನಡ ಬರಹ ನನಗಿನ್ನೂ ಸಿಕ್ಕಿಲ್ಲ.