‘ಹಳೇ ಒಡಂಬಡಿಕೆ’ ಎಂಬ ಹೆಸರಿನ ವಿಚಾರ

ಯೆಹೂದ್ಯರೂ ಕ್ರೈಸ್ತರೂ ಸಮಾನವಾಗಿ ಪವಿತ್ರವೆಂದು ಮನ್ನಿಸುವ ಶಾಸ್ತ್ರಭಾಗವನ್ನು ಕನ್ನಡದಲ್ಲಿ ‘ಹಳೇ ಒಡಂಬಡಿಕೆ’ ಎಂದು ಕರೆಯುವುದು ರೂಢಿ. ಈ ಹೆಸರು ಕ್ರೈಸ್ತರು ಇಟ್ಟದ್ದು. ಯೆಹೂದ್ಯರಿಗೆ ಅದು ‘ತನಖ್’. ತೋರಾ ಎಂಬ ಧರ್ಮೋಪದೇಶ, ನೆವಿಯೀಮ್ ಎಂಬ ಪ್ರವಾದಿಗ್ರಂಥಗಳು, ಕೆತುವೀಮ್ ಎಂಬ ಇತರ ಬರಹಗಳು, ಈ ಮೂರರ ಆದ್ಯಕ್ಷರಗಳಿಂದಾದ ಹೆಸರು. ಹೊಸ ಒಡಂಬಡಿಕೆಯನ್ನು ಶಾಸ್ತ್ರವೆಂದು ಒಪ್ಪದವರಿಗೆ ಇದು ಹಳೆಯದಾಗುವುದಾದರೂ ಹೇಗೆ?

‘ಒಡಂಬಡಿಕೆ’ ಎಂಬುದೇನೋ ಸೊಗಸಾದ ಮಾತು. ಹೀಬ್ರೂವಿನ ‘ಬೆರೀತ್’ ದೇವರಿಗೂ ಜನಕ್ಕೂ ನಡುವಣ ಕರಾರನ್ನು ಸೂಚಿಸುತ್ತದೆ. ಗ್ರೀಕಿನ ‘ದಿಯಾಥೇಕೆ’ಗೆ ಮರಣಶಾಸನವೆಂಬ ಅರ್ಥವೂ ಇದ್ದುದರಿಂದ, ಲ್ಯಾಟಿನ್ನಿನ ‘ಟೆಸ್ಟಮೆಂಟಮ್’ ಮೂಲಕ ಇಂಗ್ಲಿಷಿಗೆ ಉಯಿಲಿನ ಛಾಯೆ ಬಂದಿತು. ಕನ್ನಡದ ಹೆಸರು ಅದನ್ನು ದಾಟಿ ಮೂಲಾರ್ಥವನ್ನು ಹಿಡಿದಿರುವುದು ಶ್ಲಾಘ್ಯ. ತೊಡಕಿರುವುದು ವಿಶೇಷಣದಲ್ಲಿ. ‘ಪುರಾತನ’ ಎಂಬಲ್ಲಿ ಗೌರವವಿದೆ. ‘ಹಳೇ’ ಎಂಬಲ್ಲಿ ಸವೆದು ಬದಿಗೆ ಸರಿದುದೆಂಬ ಧ್ವನಿಯೂ ಉಂಟು. ಈ ಧ್ವನಿಯನ್ನು ಕನ್ನಡವೇ ಹುಟ್ಟಿಸಿತೆನ್ನುವಂತಿಲ್ಲ. ಯೆರೆಮೀಯನ ‘ಹೊಸ ಒಡಂಬಡಿಕೆ’ಯ ಮಾತನ್ನು ಎತ್ತಿಕೊಳ್ಳುವ ಇಬ್ರಿಯರ ಪತ್ರಿಕೆಯು ಮೊದಲ ಕರಾರು ಹಳತಾಗಿ ಅಳಿವಿನಂಚಿನಲ್ಲಿದೆಯೆಂದೇ ಬಗೆಯುತ್ತದೆ. ಪೌಲನ ಪತ್ರವೊಂದರಲ್ಲಿ ಸುಳಿದ ‘ಹಳೆಯ ಒಡಂಬಡಿಕೆ’ ಎಂಬ ಮಾತು 2ನೆಯ ಶತಮಾನದ ಕೊನೆಯ ಹೊತ್ತಿಗೆ ಸಾರ್ದಿಸಿನ ಮೆಲಿತೋನ ಪಟ್ಟಿಯಲ್ಲಿ ಗ್ರಂಥಗಳ ಹೆಸರಾಗಿಯೇ ಕಾಣುತ್ತದೆ.

ಈ ನೋವನ್ನು ತಪ್ಪಿಸಲೆಂದು ವಿದ್ವಾಂಸರು ‘ಹೀಬ್ರೂ ಬೈಬಲ್’ ಎನ್ನತೊಡಗಿದರು. ದಾನಿಯೇಲ, ಎಜ್ರ ಗ್ರಂಥಗಳ ಕೆಲಭಾಗ ಅರಾಮಿಕ್ ಭಾಷೆಯಲ್ಲಿದೆಯೆಂಬುದು ಸಣ್ಣ ಆಕ್ಷೇಪ. ಕ್ರಮದ ಪ್ರಶ್ನೆ ದೊಡ್ಡದು. ತನಖ್‌ನ 24 ಗ್ರಂಥಗಳನ್ನೇ ಪ್ರಾಟೆಸ್ಟಂಟರು 39 ಎಂದು ಎಣಿಸುತ್ತಾರೆ. ಕ್ಯಾಥೊಲಿಕರಲ್ಲಿ ಗ್ರೀಕ್ ಪರಂಪರೆಯಿಂದ ಬಂದವೂ ಸೇರಿ 46. ಹಳೇ ಒಡಂಬಡಿಕೆ ಮುಗಿಯುವುದು ಮಲಾಕಿಯಲ್ಲಿ. ಅಲ್ಲಿ ಎಲೀಯನನ್ನು ಕಳುಹಿಸುವೆನೆಂಬ ಭರವಸೆ ಉಳಿದಿರುವಾಗಲೇ ಪುಟ ಮಗುಚಿದರೆ ಮತ್ತಾಯನ ಸುವಾರ್ತೆ. ಮುದ್ರಿತ ತನಖ್ ಸಾಮಾನ್ಯವಾಗಿ ಪೂರ್ವಕಾಲವೃತ್ತಾಂತದಿಂದ ಮುಗಿಯುತ್ತದೆ. ಸೆರೆಯಲ್ಲಿದ್ದ ಜನ ಯೆರೂಸಲೇಮಿಗೆ ಹೋಗಲೆಂದು ಪಾರಸಿಕ ಅರಸ ಕೋರೆಷನು ಹೊರಡಿಸಿದ ಅಪ್ಪಣೆಯೇ ಅದರ ಕೊನೆ. ಒಂದು ಬರಲಿರುವವನ ಕಡೆಗೆ ನೋಡುತ್ತದೆ, ಇನ್ನೊಂದು ಊರಿನ ಕಡೆಗೆ. ಗ್ರಂಥಗಳು ಬಹುಮಟ್ಟಿಗೆ ಅವೇ, ಕೃತಿಗಳು ಮಾತ್ರ ಎರಡು. ‘ಹೀಬ್ರೂ ಬೈಬಲ್’ ಎಂಬ ಸೌಜನ್ಯದ ಹೆಸರು ಈ ಭೇದವನ್ನೇ ಮುಚ್ಚಿಬಿಡುತ್ತದೆ.

ವ್ಯಾಟಿಕನ್ನಿನ ಬೈಬಲ್ ಆಯೋಗವು 2001ರಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಂಡು, ಯೆಹೂದ್ಯರ ಶಾಸ್ತ್ರ ರದ್ದಾಯಿತೆಂದು ಅದರ ಅರ್ಥವಲ್ಲವೆಂದು ಸ್ಪಷ್ಟಪಡಿಸಿತು. ವಿವರಣೆ ಪ್ರಾಮಾಣಿಕವಾದುದೇ, ಆದರೆ ಹೆಸರು ತಲಪಿದ ಕಡೆಗೆಲ್ಲ ವಿವರಣೆ ತಲಪುವುದಿಲ್ಲ. ಕ್ರೈಸ್ತರ ವಾಚನವನ್ನು ವಿಮರ್ಶಿಸುವಾಗ ‘ಹಳೇ ಒಡಂಬಡಿಕೆ’ ಎಂದೇ ಬರೆಯುವುದು ಯುಕ್ತ. ಯೆಹೂದ್ಯರ ಆರಾಧನೆಯನ್ನೋ ವ್ಯಾಖ್ಯಾನವನ್ನೋ ಕುರಿತು ಬರೆಯುವ ಕನ್ನಡ ಲೇಖಕನು ‘ತನಖ್’ ಎನ್ನಬೇಕು, ಮೊದಲ ಸಲ ಅದರ ಅರ್ಥವನ್ನು ಒಂದು ಸಾಲಿನಲ್ಲಿ ಬಿಡಿಸಿಕೊಡಬೇಕಾದರೂ ಸರಿಯೇ.