ದೂರಿನ ಪತ್ರ

ಪತ್ರಲೇಖನ ಕಲಿಸುತ್ತ ನನಗೆ ಇಪ್ಪತ್ತೆಂಟು ವರ್ಷವಾಯಿತು. ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಿಗೆ ವರ್ಗವಾದರೂ ದೂರಿನ ಪತ್ರ ಅದೇ: ನಲ್ಲಿಗೆ ನೀರಿಲ್ಲ, ಬೀದಿದೀಪ ಹತ್ತುವುದಿಲ್ಲ, ಬಸ್ಸು ನಿಲ್ಲುವುದಿಲ್ಲ. ಪೊಲೀಸರ ಮೇಲೆ ದೂರು ಬರೆಯುವುದನ್ನು ಮಾತ್ರ ನಾನು ಯಾವ ಮಗುವಿಗೂ ಕಲಿಸಲಿಲ್ಲ. ನನಗೇ ಬರುತ್ತಿರಲಿಲ್ಲ.

ಇದು ಮನಸ್ಸಿಗೆ ಚುಚ್ಚಿದ್ದು ಬೀದರಿನ ಪ್ರಕರಣದಿಂದ. 2020ರ ಜನವರಿಯಲ್ಲಿ ಅಲ್ಲಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಕುರಿತು ನಾಟಕವಾಡಿದರು. ಒಬ್ಬರು ದೂರು ಕೊಟ್ಟರು. ಕೆಲವೇ ದಿನಗಳಲ್ಲಿ ರಾಜದ್ರೋಹದ ಮೊಕದ್ದಮೆ, ಮುಖ್ಯೋಪಾಧ್ಯಾಯಿನಿ ಹಾಗೂ ಒಬ್ಬ ತಾಯಿಯ ಬಂಧನ. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಸಣ್ಣ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಸಮವಸ್ತ್ರದಲ್ಲಿ, ಆಯುಧ ಸಮೇತ ಹೀಗೆ ವಿಚಾರಿಸಿದ್ದು ಮೇಲ್ನೋಟಕ್ಕೆ ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು ಹೈಕೋರ್ಟು ಫೋಟೋಗಳನ್ನು ನೋಡಿ ಹೇಳಿದ್ದು 2021ರ ಆಗಸ್ಟಿನಲ್ಲಿ. ಮೊಕದ್ದಮೆಯನ್ನು ಕಲಬುರಗಿ ಪೀಠ ರದ್ದುಮಾಡಿದ್ದು 2023ರ ಜೂನಿನಲ್ಲಿ. ಶಾಲೆಯ ಮೇಲಿನ ದೂರಿಗೆ ದಿನಗಳು ಸಾಕಾದವು. ಪೊಲೀಸರ ಮೇಲಿನ ದೂರಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೇ ಬೇಕಾಯಿತು, ಒಂದೂವರೆ ವರ್ಷ ಹಿಡಿಯಿತು.

ದಾರಿಯೇ ಇರಲಿಲ್ಲ ಎಂದಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲೇ ಪೊಲೀಸ್ ದೂರು ಪ್ರಾಧಿಕಾರ ಮಾಡಿರೆಂದು ಎಲ್ಲ ರಾಜ್ಯಗಳಿಗೂ ಹೇಳಿತ್ತು. ನಮ್ಮ ರಾಜ್ಯ 2012ರಲ್ಲಿ ಕಾಯ್ದೆ ತಿದ್ದಿ ರಾಜ್ಯಕ್ಕೊಂದು, ಜಿಲ್ಲೆಗೊಂದು ಎಂದು ಬರೆದುಕೊಂಡಿತು. ನಮ್ಮ ಶಾಲೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಇದೆ. ಈ ಪ್ರಾಧಿಕಾರದ ವಿಳಾಸ ನಾನು ಕೆಲಸ ಮಾಡಿದ ಯಾವ ಶಾಲೆಯ ಗೋಡೆಯ ಮೇಲೂ ಇರಲಿಲ್ಲ. ಗೊತ್ತಿಲ್ಲದ ವಿಳಾಸಕ್ಕೆ ಪತ್ರ ಬರೆಯುವವರು ಯಾರು?

ಆದರೆ ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ನಾನು ಜಾರಿಕೊಳ್ಳಲಾರೆ. ಎಷ್ಟೋ ವರ್ಷಗಳ ಹಿಂದೆ, ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ, ಕಳುವಾದ ಪಂಪಸೆಟ್ಟಿನ ವಿಚಾರಣೆಗೆ ಪೊಲೀಸಪ್ಪ ಒಬ್ಬ ನನ್ನ ತರಗತಿಯ ಬಾಗಿಲಿಗೇ ಬಂದ. "ಅಕ್ಕೋರೆ, ಈ ಹುಡುಗನ್ನ ಚೂರು ಹೊರಗ ಕಳಸ್ರಿ" ಎಂದ. ಕಳಿಸಿದೆ. ಏಳನೇ ತರಗತಿಯ ಹುಡುಗ. ನಾನು ಲಸಾಅ ಲೆಕ್ಕ ಮುಂದುವರಿಸಿದೆ. ಕಿಟಕಿಯ ಕಡೆ ನೋಡಲಿಲ್ಲ. ಮರುದಿನದಿಂದ ಹುಡುಗ ಶಾಲೆಗೆ ಬರಲಿಲ್ಲ. ವಾರದ ಮೇಲೆ ಅವನ ತಾಯಿ ಬಂದು, "ನೀವರೆ ಅವನ ಜೋಡಿ ಹೋಗಬೇಕಿತ್ತಲ್ರಿ ಅಕ್ಕೋರೆ" ಅಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಈ ವರ್ಷ ನಲ್ಲಿ, ದೀಪ ಬಿಟ್ಟು ಬೋರ್ಡಿನ ಮೇಲೆ ಪ್ರಾಧಿಕಾರದ ಹೆಸರು ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರೆ, 'ಇಂದ' ಅನ್ನೋ ಕಡೆ ನಮ್ಮ ಮನಿ ವಿಳಾಸಾನೇ ಹಾಕಬೇಕೇನ್ರಿ?" ಎಂದು ಕೇಳಿದಳು.

ಶಾಲೆಯದು ಹಾಕು ಎಂದೆ. ಮುಖ್ಯೋಪಾಧ್ಯಾಯರನ್ನು ಇನ್ನೂ ಕೇಳಿಲ್ಲ.