ಕೂತ ದಿನಗಳನ್ನು ಎಣಿಸಿ: ಕಯಾಕ್ ಯಾನದ ರಸಿಕರಿಗೊಂದು ಕೈಪಿಡಿ

ಐರ್ಲೆಂಡಿನ ಉತ್ತರ ದಡದಿಂದ ಹೊರಟು ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳನ್ನು ಮುಟ್ಟುವ ಕಯಾಕ್ ಯಾನದ ಕಥನ ಕೈಗೆ ಸಿಕ್ಕರೆ, ಹೊಸಬರು ಮೊದಲು ಕೇಳುವುದು ಎಷ್ಟು ದೂರ, ಎಷ್ಟು ದಿನ ಅಂತ. ಅದನ್ನು ಸದ್ಯಕ್ಕೆ ಬಿಡಿ. ದಡದಲ್ಲಿ ಸುಮ್ಮನೆ ಕೂತ ದಿನಗಳೆಷ್ಟು, ಯಾಕೆ ಕೂತರು ಎಂಬುದನ್ನು ಹುಡುಕಿ. ಈ ಕಲೆಯ ಜೀವ ಇರುವುದು ಅಲ್ಲಿ.

ಕಡಲ ಕಯಾಕ್ 5 ಮೀಟರಿಗಿಂತ ತುಸು ಉದ್ದ. ಅಗಲ ಮಾತ್ರ ಒಬ್ಬರ ಸೊಂಟ ಹಿಡಿಸುವಷ್ಟು. ಎರಡೂ ತುದಿಗೆ ಅಲಗಿರುವ ಒಂದೇ ಹುಟ್ಟು, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಟೆಂಟು, ಊಟದ ಸಾಮಾನು, ಕುಡಿಯುವ ನೀರು ಎಲ್ಲ ದೋಣಿಯ ಹೊಟ್ಟೆಯಲ್ಲಿ. ಇಷ್ಟು ಹೊರೆ ಹೊತ್ತು ಅದು ಗಂಟೆಗೆ ಸುಮಾರು 6 ಕಿಲೋಮೀಟರ್ ಹೋಗುತ್ತದೆ, ಚುರುಕಾಗಿ ನಡೆಯುವವರಷ್ಟು. ಆ ಕರಾವಳಿಯ ಇಕ್ಕಟ್ಟುಗಳಲ್ಲಿ ನೀರಿನ ಸೆಳೆತ ಅದನ್ನು ಮೀರಿಸುತ್ತದೆ. ಜುರಾ ಮತ್ತು ಸ್ಕಾರ್ಬಾ ದ್ವೀಪಗಳ ನಡುವಿನ ಕೊರಿವ್ರೆಕನ್‌ನಲ್ಲಿ ಗಂಟೆಗೆ 15 ಕಿಲೋಮೀಟರ್ ಮುಟ್ಟುತ್ತದೆ. 1947ರಲ್ಲಿ, ಜುರಾದಲ್ಲಿದ್ದುಕೊಂಡು ‘1984’ ಬರೆಯುತ್ತಿದ್ದ ಜಾರ್ಜ್ ಆರ್ವೆಲ್ ಉಬ್ಬರ-ಇಳಿತದ ಪಟ್ಟಿಯನ್ನು ತಪ್ಪಾಗಿ ಓದಿ, ಮನೆಮಂದಿಯನ್ನು ಕೂರಿಸಿಕೊಂಡು ಅಲ್ಲಿಗೆ ದೋಣಿ ತಂದರು. ಸುಳಿಯ ಹೊಡೆತಕ್ಕೆ ಎಂಜಿನ್ ಕಿತ್ತುಹೋಯಿತು. ಎಲ್ಲರೂ ಬದುಕಿದ್ದೇ ದೊಡ್ಡದು. ಎಂಜಿನ್ನಿಗೇ ಆಗದ್ದನ್ನು ತೋಳು ಮಾಡೀತೆ? ತೋಳಬಲದ ಕಥೆಯೆಂದು ಓದಲು ಹೊರಟವರಿಗೆ ಈ ಯಾನ ಅರ್ಥವಾಗುವುದೇ ಇಲ್ಲ.

ಹಾಗಾಗಿ ಮೊದಲು ಕಡಲಿನ ತಾಳ ಕಲಿಯಿರಿ. ಸುಮಾರು 6 ಗಂಟೆ ಉಬ್ಬರ, 6 ಗಂಟೆ ಇಳಿತ. ನೀರು ಏರುವುದು ಒಂದೇ ಸಮನಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಆಮೇಲೆ ಎರಡು, ಮೂರು, ಮೂರು, ಎರಡು, ಕೊನೆಗೆ ಒಂದು. ನಾವಿಕರ ಸ್ಥೂಲ ಲೆಕ್ಕ ಇದು. ಅಮಾವಾಸ್ಯೆ, ಹುಣ್ಣಿಮೆಗಳಾದ ಒಂದೆರಡು ದಿನಕ್ಕೆ ಸೆಳೆತ ಅತಿ ಜೋರು.

ಈ ತಾಳ ಅತ್ಯಂತ ಚೆನ್ನಾಗಿ ಕಾಣುವುದು ಐರ್ಲೆಂಡಿನ ಟಾರ್ ಹೆಡ್‌ನಿಂದ ಸ್ಕಾಟ್ಲೆಂಡಿನ ಮಲ್ ಆಫ್ ಕಿಂಟೈರ್‌ಗೆ ದಾಟುವಾಗ. ಐರ್ಲೆಂಡೂ ಬ್ರಿಟನ್ನೂ ಅತಿ ಹತ್ತಿರ ಬರುವ ಜಾಗ. ನಡುವೆ ಸುಮಾರು 20 ಕಿಲೋಮೀಟರ್. ತಿಳಿಯಾದ ದಿನ ಆಚೆಯ ಗುಡ್ಡ ಕೈಗೆಟುಕುವಂತಿರುತ್ತದೆ. ಆದರೆ ಅಟ್ಲಾಂಟಿಕ್ಕಿನ ನೀರು ಐರಿಶ್ ಸಮುದ್ರಕ್ಕೆ ನುಗ್ಗುವ ಉತ್ತರದ ಬಾಗಿಲೂ ಇದೇ. ದಾಟಲು ಮೂರೂವರೆ ಗಂಟೆ ಬೇಕು. ಬಲ್ಲವರು, ಸೆಳೆತ ತಿರುಗುವ ಹೊತ್ತಿಗೆ ತಾವು ನಡುಗಡಲಲ್ಲಿರುವ ಹಾಗೆ ಲೆಕ್ಕ ಹಾಕಿ ಹೊರಡುತ್ತಾರೆ. ಮೊದಲರ್ಧ ನೀರು ಪಕ್ಕಕ್ಕೆ ಎಳೆಯುತ್ತದೆ. ಅವರು ಸೆಣಸುವುದಿಲ್ಲ, ದೋಣಿಯ ಮೂತಿಯನ್ನು ದಿಕ್ಸೂಚಿಯ ಒಂದೇ ಅಂಕಕ್ಕೆ ಹಿಡಿದು ಹುಟ್ಟು ಹಾಕುತ್ತಿರುತ್ತಾರೆ. ಎದುರಿನ ಗುಡ್ಡ ಜಾರಿ ಜಾರಿ ಬದಿಗೆ ಹೋಗುತ್ತದೆ. ಆಮೇಲೆ ಕೆಲವೇ ನಿಮಿಷಗಳ ನಿಲುಗಡೆ. ತೆರೆಗಳ ಮೊನೆ ಮೊಂಡಾಗುತ್ತದೆ, ಹುಟ್ಟಿನ ಅಲಗಿನಿಂದ ಹನಿ ಬೀಳುವ ಸದ್ದೂ ಕೇಳುತ್ತದೆ. ಮತ್ತೆ ನೀರು ತಿರುಗಿ, ಒಯ್ದಿದ್ದನ್ನೆಲ್ಲ ವಾಪಸು ತಂದುಕೊಡುತ್ತದೆ. ನಕ್ಷೆಯ ಮೇಲೆ ಹಾದಿ ಬಿಲ್ಲಿನಂತೆ ಬಾಗಿದೆ, ತಲುಪಿದ್ದು ಮಾತ್ರ ಅಂದುಕೊಂಡ ದಡಕ್ಕೇ. ಇದಕ್ಕಿಂತ ಸೊಗಸಾದ ಗೆರೆ ಬೇರಾವ ಯಾನದಲ್ಲೂ ನಾನು ಕಂಡಿಲ್ಲ.

ಗಾಳಿ ಸೆಳೆತಕ್ಕೆ ಇದಿರಾಗಿ ಬೀಸಿದರೆ ಇದೇ ನೀರು ಗೋಡೆಯಂತೆ ಏಳುತ್ತದೆ. ಅದಕ್ಕೇ ರೇಡಿಯೊದಲ್ಲಿ ಮಾಲಿನ್, ಹೆಬ್ರಿಡೀಸ್ ಕಡಲ ವಲಯಗಳ ಹವಾಮಾನ ಕೇಳುತ್ತ ಟೆಂಟಿನಲ್ಲಿ ದಿನಗಟ್ಟಲೆ ಉಳಿಯುವುದು. ಹೊರಡದಿರುವ ತೀರ್ಮಾನವೇ ಇಲ್ಲಿ ಪಾಂಡಿತ್ಯ.

ದಡಗಳನ್ನೂ ಗಮನಿಸಿ. ಐರ್ಲೆಂಡಿನ ಆಂಟ್ರಿಮ್ ಕರಾವಳಿಯಲ್ಲಿರುವ ಜೈಂಟ್ಸ್ ಕಾಸ್‌ವೇಯ ಕಪ್ಪು ಶಿಲಾಕಂಬಗಳು ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದ ಗುಹೆಯಲ್ಲಿ ಮತ್ತೆ ಎದುರಾಗುತ್ತವೆ; ಎರಡೂ ಸುಮಾರು 6 ಕೋಟಿ ವರ್ಷದ ಹಿಂದಿನ ಲಾವಾ. ಸ್ಟಾಫಾದ ಹತ್ತಿರವೇ ಅಯೋನಾ. 563ರಲ್ಲಿ ಸಂತ ಕೊಲಂಬ ಐರ್ಲೆಂಡಿನಿಂದ ಅಲ್ಲಿಗೆ ಬಂದದ್ದು ಚರ್ಮ ಹೊದಿಸಿದ ದೋಣಿಯಲ್ಲಿ ಎನ್ನುತ್ತದೆ ಪರಂಪರೆ. ಇನ್ಯುಟ್ ಜನ ಕಯಾಕ್ ಕಟ್ಟಿದ್ದೂ ಚರ್ಮದಿಂದಲೇ, ನಮ್ಮ ತುಂಗಭದ್ರೆಯ ಹರಿಗೋಲಿನ ಹಾಗೆ.

ಓದಲು ಬ್ರಿಯಾನ್ ವಿಲ್ಸನ್ ಅವರಿಂದ ಶುರುಮಾಡಿ. ಸ್ಕಾಟ್ಲೆಂಡಿನ ಸುತ್ತು ‘ಬ್ಲೇಜಿಂಗ್ ಪ್ಯಾಡಲ್ಸ್’ನಲ್ಲಿದೆ, ಐರ್ಲೆಂಡಿನದು ‘ಡ್ಯಾನ್ಸಸ್ ವಿತ್ ವೇವ್ಸ್’ನಲ್ಲಿ. ಪಕ್ಕದಲ್ಲೊಂದು ನಕ್ಷೆ ಬಿಡಿಸಿಟ್ಟುಕೊಳ್ಳಿ. ಇಕ್ಕಟ್ಟು ಬಂದಾಗಲೆಲ್ಲ ನಿಂತು, ಈಗ ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ಕೇಳಿಕೊಂಡು ಮುಂದಿನ ಪುಟ ತಿರುವಿ.